ನಾಯಿ ಕಕ್ಕ ಮತ್ತು ಪಕ್ಕದ ಮನೆಯ ಕಸದ ಡಬ್ಬ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಿಗ್ಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಜನ ನಾಯಿ ಹಿಡಿದು ವಾಕಿಂಗ್ ಹೊರಡುತ್ತಾರೆ. ಅದೇ ಹೊತ್ತಿಗೆ ಕಸದ ಆಟೋ ಬರುತ್ತದೆ ಅಂತ ಮನೆಮನೆಯ ಗೇಟಿನ ಮುಂದೆ ಡಬ್ಬಗಳು ಬಂದು ಕೂರುತ್ತವೆ. ಕೈಯಲ್ಲಿ ಪೂಪ್ ಬ್ಯಾಗ್, ಎದುರಿಗೆ ಡಬ್ಬ. ಹಾಕಿಬಿಡೋಣ ಅನ್ನಿಸುವುದು ಸಹಜ. ನಾಯಿ ಸಾಕಿದವರು, ಸಾಕದವರು ಇಬ್ಬರೂ ಈ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಮ್ಮ ಮನೆಯಲ್ಲೂ ನಾಯಿ ಇದೆ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ಚೀಲಕ್ಕೆ ಹಾಕಿ ಗಂಟು ಕಟ್ಟಿದ್ದೇನೆ. ದಾರಿಯಲ್ಲಿ ಯಾರದೋ ಮನೆಯ ಡಬ್ಬಕ್ಕೆ ಹಾಕಬಹುದಾ?

ಬೇಡ. ಆ ಮನೆಯವರು "ಹಾಕಿ, ಪರವಾಗಿಲ್ಲ" ಅಂತ ಮೊದಲೇ ಹೇಳಿದ್ದರೆ ಮಾತ್ರ ಹಾಕಿ. ಗೇಟಿನ ಹೊರಗೆ ಇಟ್ಟ ಮಾತ್ರಕ್ಕೆ ಡಬ್ಬ ಬೀದಿಯದಾಗುವುದಿಲ್ಲ. ಅದನ್ನು ತೊಳೆಯುವವರು, ಒಳಗೆ ಎತ್ತಿಟ್ಟುಕೊಳ್ಳುವವರು ಆ ಮನೆಯವರೇ.

ಗಂಟು ಕಟ್ಟಿದ ಚೀಲ ತಾನೇ? ಅಷ್ಟಕ್ಕೆ ಏನು ತೊಂದರೆ?

ಡಬ್ಬ ಇಟ್ಟ ಮೇಲೆ ಅದರೊಳಗಿನ ಕಸ ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ನೋಡೋಣ.

ಬೆಂಗಳೂರಿನಲ್ಲಿ ಕಸ ಬೇರ್ಪಡಿಸಿ ಕೊಡುವುದು ಕಡ್ಡಾಯ. ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದ ಮೇಲೆ 'ಎರಡು ಡಬ್ಬ, ಒಂದು ಚೀಲ' ಪದ್ಧತಿ ಇಡೀ ನಗರಕ್ಕೆ ಬಂತು. ಹಸಿ ಕಸಕ್ಕೆ ಹಸಿರು ಡಬ್ಬ. ಪ್ಯಾಡ್, ಡೈಪರ್, ಬ್ಯಾಂಡೇಜ್‌ನಂಥವಕ್ಕೆ ಕೆಂಪು ಡಬ್ಬ. ಒಣ ಕಸಕ್ಕೆ ಚೀಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಆದರೂ ಬೇರ್ಪಡಿಸಿ ಕೊಡಬೇಕು ಅನ್ನುವುದು ಬದಲಾಗಿಲ್ಲ.

ಬೆಳಿಗ್ಗೆ ಗೇಟಿನ ಮುಂದೆ ಕಾಣುವ ಡಬ್ಬ ಹೆಚ್ಚಿನಂಶ ಹಸಿ ಕಸದ್ದೇ. ತರಕಾರಿ ಸಿಪ್ಪೆ, ಉಳಿದ ಅನ್ನ, ಬಾಡಿದ ಹೂವು, ಕಾಫಿ ಚರಟ. ಇದು ಗೊಬ್ಬರವಾಗಬೇಕಾದ ಕಸ. ಅದರ ಮೇಲೆ ನೀವು ಒಂದು ಪ್ಲಾಸ್ಟಿಕ್ ಚೀಲ ಹಾಕಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತದೆ. ಪ್ಲಾಸ್ಟಿಕ್ಕೂ ಸೇರಿತು, ಮಲವೂ ಸೇರಿತು.

ಈಗ ಆಟೋ ಬರುತ್ತದೆ. ಪೌರಕಾರ್ಮಿಕರು ಡಬ್ಬ ಎತ್ತಿ ಸುರಿಯುತ್ತಾರೆ. ನಡುವೆ ಪ್ಲಾಸ್ಟಿಕ್ ಕಂಡರೆ ಅದನ್ನು ತೆಗೆಯುವುದು ಕೈಯಿಂದಲೇ. ಎಷ್ಟೋ ಸಲ ಕೈಗೆ ಗ್ಲೌಸ್ ಇರುವುದಿಲ್ಲ. ಇದ್ದರೂ ಹರಿದಿರುತ್ತದೆ. ಒಳಗೆ ಏನಿದೆ ಅಂತ ನೋಡಲು ಚೀಲ ಬಿಚ್ಚುತ್ತಾರೆ. ಚೀಲ ಮೊದಲೇ ಒಡೆದಿದ್ದರೆ ಬಿಚ್ಚುವುದೇ ಬೇಕಿಲ್ಲ. ನಿಮ್ಮ ನಾಯಿಯ ಮಲ ಇನ್ನೊಬ್ಬರ ಕೈಗೆ ಮೆತ್ತಿಕೊಳ್ಳುತ್ತದೆ. ಅದೇ ಕೈಯಲ್ಲಿ ಅವರು ಇನ್ನೂ ನೂರಾರು ಮನೆಯ ಕಸ ಎತ್ತಬೇಕು. ತಿಂಡಿಗೆ ಕೂರುವ ಮುಂಚೆ ಕೈ ತೊಳೆಯಲು ನೀರು ಸಿಗುವುದೂ ಅವರಿಗೆ ಖಾತ್ರಿ ಇಲ್ಲ. ಈ ಪುಟದಲ್ಲಿ ಬೇರೆ ಏನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನು ಡಬ್ಬದ ಮನೆಯವರ ಪಾಡು. "ಮೇಡಂ, ಮಿಕ್ಸ್ ಕಸ ತಗೊಳ್ಳಲ್ಲ" ಅಂತ ಆಟೋದವರು ಹೇಳಿ ಹೋಗುತ್ತಾರೆ. ಹಾಗೆ ಹೇಳುವ ಹಕ್ಕು ಅವರಿಗಿದೆ. ಬೇರ್ಪಡಿಸದವರಿಗೆ ದಂಡ ಹಾಕಲೂ ಅವಕಾಶವಿದೆ. ದಿನಾ ಶ್ರದ್ಧೆಯಿಂದ ಬೇರ್ಪಡಿಸುವ ಒಬ್ಬ ಗೃಹಿಣಿ, ತನ್ನದಲ್ಲದ ತಪ್ಪಿಗೆ ಬೀದಿಯಲ್ಲಿ ನಿಂತು ಮಾತು ಕೇಳಬೇಕಾಗುತ್ತದೆ.

ಆಟೋ ಬಂದು ಹೋದ ಮೇಲೆ ಖಾಲಿ ಡಬ್ಬ ಇರುತ್ತದಲ್ಲ? ಅದಕ್ಕೆ ಹಾಕಿದರೆ?

ಅದು ಇನ್ನೂ ಕೆಟ್ಟದ್ದು. ನೀವು ಹಾಕಿದ್ದು ಮಾರನೆಯ ದಿನದವರೆಗೆ ಅವರ ಮನೆಯೊಳಗೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಹಸಿ ಕಸದ ಡಬ್ಬ ಇಡುವುದು ಅಡುಗೆಮನೆಯ ಸಿಂಕಿನ ಕೆಳಗೆ. ಅವರು ಡಬ್ಬ ಒಳಗೆ ತಂದು ಮುಚ್ಚಳ ತೆಗೆದಾಗ ಏನಾಗುತ್ತದೆ ಅಂತ ಯೋಚಿಸಿ.

ಹಾಗಾದರೆ ನಾಯಿ ಕಕ್ಕ ಯಾವ ಡಬ್ಬಕ್ಕೆ ಹೋಗಬೇಕು?

ನಿಮ್ಮದೇ ಮನೆಯ ಕೆಂಪು ಡಬ್ಬಕ್ಕೆ. ಡೈಪರ್ ಹೋಗುವ ಜಾಗಕ್ಕೇ ಇದೂ ಹೋಗಬೇಕು. ಹಸಿಯಾಗಿದೆ, ಕೊಳೆಯುತ್ತದೆ ಅಂತ ಹಸಿರು ಡಬ್ಬಕ್ಕೆ ಹಾಕುವವರು ತುಂಬಾ ಜನ ಇದ್ದಾರೆ. ಅದು ಸರಿಯಲ್ಲ. ಬೆಕ್ಕಿನ ಲಿಟರ್ (ಬೆಕ್ಕು ಮಲ-ಮೂತ್ರ ಮಾಡಲು ತಟ್ಟೆಯಲ್ಲಿ ಹಾಕಿಡುವ ಪುಡಿ) ಕೂಡ ಕೆಂಪು ಡಬ್ಬಕ್ಕೇ.

ಸುತ್ತುವುದು ಹೇಗೆ? ಪ್ಲಾಸ್ಟಿಕ್ ಚೀಲ ಬೇಕೇ ಬೇಕಾ?

ಹಳೆಯ ನ್ಯೂಸ್‌ಪೇಪರ್ ಸಾಕು. ಒಂದು ಹಾಳೆಯನ್ನು ನಾಲ್ಕಾಗಿ ಮಡಿಸಿ, ಕಕ್ಕದ ಮೇಲಿಟ್ಟು, ಕೈಯಿಂದ ಒಟ್ಟುಮಾಡಿ ಎತ್ತಿ. ಇನ್ನೊಂದು ಹಾಳೆಯಲ್ಲಿ ಪೊಟ್ಟಣ ಕಟ್ಟಿ. ಕಾಗದದ ಮೂಲಕ ಕೈಗೆ ಬಿಸಿ ತಾಗುವುದು ಮೊದಮೊದಲು ಹೇಸಿಗೆ ಅನ್ನಿಸುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ. ಪ್ಯಾಡ್, ಡೈಪರ್ ಪೊಟ್ಟಣದ ಮೇಲೆ ಕೆಂಪು ಪೆನ್ನಿನಲ್ಲಿ ಗುಣಿಸು ಗುರುತು ಹಾಕಿ ಕೊಡಿ ಅಂತ ಇಲ್ಲಿ ಹೇಳಿಕೊಡುತ್ತಾರಲ್ಲ, ಇದಕ್ಕೂ ಅದನ್ನೇ ಮಾಡಿ. ಗುರುತು ಕಂಡರೆ ಪೌರಕಾರ್ಮಿಕರು ಪೊಟ್ಟಣ ಬಿಚ್ಚಿ ನೋಡುವುದಿಲ್ಲ.

ಮಳೆಗಾಲದಲ್ಲಿ ಪೇಪರ್ ನೆನೆದು ಹರಿಯುತ್ತದೆ. ಆಗ ಹಾಲಿನ ಕವರ್, ಬ್ರೆಡ್ ಕವರ್ ಉಪಯೋಗಕ್ಕೆ ಬರುತ್ತವೆ. ಅಂಗಡಿಯ ಪೂಪ್ ಬ್ಯಾಗ್ ಕೊಳ್ಳುವುದಾದರೆ 'ಬಯೋಡಿಗ್ರೇಡಬಲ್' ಅನ್ನುವ ಪದ ಒಂದನ್ನೇ ನಂಬಬೇಡಿ. ಕರಗುವ ಗುಣವಿದೆ ಅನ್ನುವ ಚೀಲಗಳಲ್ಲೂ ಹೆಚ್ಚಿನವು ಕರಗುವುದು ದೊಡ್ಡ ಕಾಂಪೋಸ್ಟ್ ಘಟಕದ ಬಿಸಿಯಲ್ಲಿ. ಚರಂಡಿಯಲ್ಲೋ ಪಾರ್ಕಿನ ಪೊದೆಯಲ್ಲೋ ಬಿಸಾಡಿದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತವೆ. ಎತ್ತಿ, ಕಟ್ಟಿ, ಆ ಚೀಲವನ್ನೇ ಪೊದೆಗೆ ಎಸೆಯುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಎತ್ತದೆ ಬಿಟ್ಟಿದ್ದರೆ ಮಲ ಒಂದೇ ಇರುತ್ತಿತ್ತು. ಈಗ ಪ್ಲಾಸ್ಟಿಕ್ಕೂ ಜೊತೆಗಿದೆ.

ಒಂದು ಗಂಟೆ ವಾಕಿಂಗ್. ನಾಯಿ ಮೊದಲ ಐದು ನಿಮಿಷದಲ್ಲೇ ಮುಗಿಸುತ್ತದೆ. ಉಳಿದ ಹೊತ್ತು ಕೈಯಲ್ಲಿ ಹಿಡಿದೇ ತಿರುಗಬೇಕಾ?

ಇದೇ ನಿಜವಾದ ಕಷ್ಟ. ಪಕ್ಕದ ಮನೆಯ ಡಬ್ಬ ಆಸೆ ಹುಟ್ಟಿಸುವುದೂ ಇದೇ ಕಾರಣಕ್ಕೆ. ಸುಲಭದ ದಾರಿ ಅಂದರೆ ಮೊದಲು ಮನೆಯ ಸುತ್ತ ಒಂದು ಚಿಕ್ಕ ಸುತ್ತು ಹಾಕಿಸಿ. ಕೆಲಸ ಮುಗಿದ ಮೇಲೆ ಮನೆಗೆ ಬಂದು ಪೊಟ್ಟಣ ಕೆಂಪು ಡಬ್ಬಕ್ಕೆ ಹಾಕಿ, ಆಮೇಲೆ ಉದ್ದದ ವಾಕಿಂಗ್ ಹೊರಡಿ. ಹೆಚ್ಚಿನ ನಾಯಿಗಳು ಈ ಕ್ರಮಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಕೆಲಸ ಮುಗಿದರೆ ದೊಡ್ಡ ಸುತ್ತು ಸಿಗುತ್ತದೆ ಅಂತ ಅವಕ್ಕೂ ಗೊತ್ತಾಗುತ್ತದೆ.

ಅದಾಗದಿದ್ದರೆ ಮುಚ್ಚಳ ಬಿಗಿಯಾಗಿರುವ ಹಳೆಯ ಪ್ಲಾಸ್ಟಿಕ್ ಡಬ್ಬಿ ಒಂದನ್ನು ಬಟ್ಟೆ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಳ್ಳಿ. ವಾಸನೆ ಹೊರಗೆ ಬರುವುದಿಲ್ಲ. ಸ್ಕೂಟರಿನಲ್ಲಿ ಕೆರೆ ದಂಡೆಗೆ ನಾಯಿ ಕರೆದುಕೊಂಡು ಹೋಗುವವರಿಗೂ ಇದು ಸರಿಹೋಗುತ್ತದೆ.

ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಬಹುದಾ?

ನಿಮ್ಮ ಮನೆ ಜಲಮಂಡಳಿಯ ಒಳಚರಂಡಿಗೆ ಸೇರಿದ್ದರೆ ಧಾರಾಳವಾಗಿ ಮಾಡಬಹುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಯಾರ ಕೈಯೂ ಅದನ್ನು ಮುಟ್ಟಬೇಕಾಗುವುದಿಲ್ಲ. ಮಲ ಮಾತ್ರ ಹಾಕಿ. ಪೇಪರ್, ಚೀಲ, ಕಲ್ಲು, ಎಲೆ ಬೇಡ. ಬೆಕ್ಕಿನ ಲಿಟರ್ ಅಂತೂ ಬೇಡವೇ ಬೇಡ, ನೀರು ತಾಗಿದರೆ ಪೈಪಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ನಗರದ ಅಂಚಿನ ಬಡಾವಣೆಗಳಲ್ಲಿ ಇನ್ನೂ ಪಿಟ್ ಅಥವಾ ಸೆಪ್ಟಿಕ್ ಟ್ಯಾಂಕ್ ಇದೆ. ದೊಡ್ಡ ನಾಯಿ ಇದ್ದರೆ ಅಲ್ಲಿ ದಿನಾ ಫ್ಲಶ್ ಮಾಡುವುದು ಒಳ್ಳೆಯದಲ್ಲ. ಟ್ಯಾಂಕ್ ಬೇಗ ತುಂಬುತ್ತದೆ, ಕೂದಲು ಕಟ್ಟಿಕೊಳ್ಳುತ್ತದೆ. ಅಲ್ಲಿಯವರಿಗೆ ಕೆಂಪು ಡಬ್ಬವೇ ವಾಸಿ.

ಹಸುವಿನ ಸಗಣಿ ಗೊಬ್ಬರವಾಗುತ್ತದೆ. ನಾಯಿಯದು ಯಾಕೆ ಆಗುವುದಿಲ್ಲ?

ಊರಿನಲ್ಲಿ ಬೆಳೆದವರು ಇದನ್ನು ಕೇಳಿಯೇ ಕೇಳುತ್ತಾರೆ. ಹಸು ಹುಲ್ಲು ತಿನ್ನುವ ಪ್ರಾಣಿ. ನಾಯಿ ಮಾಂಸ ತಿನ್ನುವ ಪ್ರಾಣಿ. ಅನ್ನ-ಮೊಸರು ಹಾಕಿ ಸಾಕಿದರೂ ಅದರ ಹೊಟ್ಟೆಯಲ್ಲಿ ಮನುಷ್ಯರಿಗೆ ಅಂಟುವ ಜಂತುಗಳಿರಬಹುದು.

ಮುಖ್ಯವಾದದ್ದು ಟೊಕ್ಸೊಕಾರಾ ಅನ್ನುವ ದುಂಡುಹುಳು. ಇದರ ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತದೆ. ಬಂದ ಕೂಡಲೇ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಇದ್ದು ಬಲಿತ ಮೇಲೆ ಅಂಟುತ್ತದೆ. ಅಷ್ಟರಲ್ಲಿ ಮಲ ಒಣಗಿ ಪುಡಿಯಾಗಿ ಮಣ್ಣಿಗೆ ಸೇರಿರುತ್ತದೆ. ನೋಡಿದರೆ ಏನೂ ಕಾಣುವುದಿಲ್ಲ. ಮೊಟ್ಟೆ ಮಾತ್ರ ವರ್ಷಗಟ್ಟಲೆ ಬದುಕಿರುತ್ತದೆ. ಆ ಮಣ್ಣಿನಲ್ಲಿ ಆಡಿದ ಮಗು ಬಾಯಿಗೆ ಕೈ ಹಾಕಿದರೆ ಹುಳು ದೇಹದೊಳಗೆ ಹೋಗಿ ಅಲೆಯುತ್ತದೆ. ಕಣ್ಣಿಗೆ ಹೋದರೆ ದೃಷ್ಟಿಗೇ ಪೆಟ್ಟು. ಕೊಕ್ಕೆಹುಳುವಿನದು ಇನ್ನೊಂದು ಬಗೆ. ಅದರ ಮರಿ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ನಮ್ಮ ಪಾರ್ಕುಗಳಲ್ಲಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವ ಹಿರಿಯರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು.

ನಾಯಿಗಳಿಗೂ ಅಪಾಯವಿದೆ. ಪಾರ್ವೊ ವೈರಸ್ ಮಲದ ಮೂಲಕ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ತಿಯಾಗದ ಮರಿ ಆ ಜಾಗ ಮೂಸಿದರೂ ಸಾಕು.

ಮನೆಯ ಕಾಂಪೋಸ್ಟ್ ಕಂಬದಲ್ಲಿ, ಅಂದರೆ ಒಂದರ ಮೇಲೊಂದು ಜೋಡಿಸಿದ ಗೊಬ್ಬರದ ಮಡಕೆಗಳಲ್ಲಿ, ಈ ಮೊಟ್ಟೆಗಳನ್ನು ಸಾಯಿಸುವಷ್ಟು ಬಿಸಿ ಹುಟ್ಟುವುದಿಲ್ಲ. ಅಮೆರಿಕದ ಅಲಾಸ್ಕಾದಲ್ಲಿ ಹಿಮದ ಬಂಡಿ ಎಳೆಯುವ ನಾಯಿಗಳನ್ನು ಹಿಂಡುಗಟ್ಟಲೆ ಸಾಕುವವರು ಮರದ ಹೊಟ್ಟು ಬೆರೆಸಿ, ಬಿಸಿ ಅಳೆದು, ತಿರುವಿ ಹಾಕಿ ಗೊಬ್ಬರ ಮಾಡಿದ್ದಾರೆ. ಅವರು ಇಟ್ಟುಕೊಂಡ ಗುರಿ ಸುಮಾರು 63 ಡಿಗ್ರಿ ಸೆಲ್ಸಿಯಸ್. ಅಷ್ಟು ಮಾಡಿದರೂ ತರಕಾರಿ ಗಿಡಕ್ಕೆ ಆ ಗೊಬ್ಬರ ಹಾಕಬೇಡಿ ಅಂತಲೇ ಅಲ್ಲಿನ ಸಲಹೆ. ಒಂದೆರಡು ನಾಯಿ ಇರುವ ಮನೆಯಲ್ಲಿ ಆಗುವ ಕೆಲಸ ಅಲ್ಲ ಇದು. ಮೆಂತ್ಯ ಸೊಪ್ಪು, ಕೊತ್ತಂಬರಿ ಬೆಳೆಯುವ ಕುಂಡದ ಹತ್ತಿರಕ್ಕೂ ಅದು ಬೇಡ.

ಇದರ ಜೊತೆಗೆ ನಾಯಿಗೆ ಜಂತುಹುಳುವಿನ ಮಾತ್ರೆ ಬಿಡದೆ ಹಾಕಿಸಿ. ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಮರಿಗಳಿಗೆ ಇನ್ನೂ ಬೇಗ ಬೇಗ ಬೇಕು, ಡಾಕ್ಟರನ್ನು ಕೇಳಿ.

ಖಾಲಿ ಸೈಟಿನಲ್ಲಿ ಬಿಟ್ಟರೆ ಯಾರಿಗೂ ತೊಂದರೆ ಇಲ್ಲ, ಅಲ್ವಾ?

ಖಾಲಿ ಸೈಟಿನ ಅಕ್ಕಪಕ್ಕ ಮನೆಗಳಿವೆ. ಸಂಜೆ ಅಲ್ಲೇ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಒಬ್ಬರು ಚೀಲ ಎಸೆದ ಜಾಗಕ್ಕೆ ಮಾರನೆಯ ದಿನ ಇನ್ನೊಬ್ಬರು ಎಸೆಯುತ್ತಾರೆ. ಕಸದ ಬ್ಲಾಕ್ ಸ್ಪಾಟ್‌ಗಳು ಹುಟ್ಟುವುದೇ ಹೀಗೆ. ಸಾಲುಮರದ ಬುಡವೂ ಅಷ್ಟೇ. ಅಲ್ಲಿ ಗುಡಿಸುವವರ ಪೊರಕೆಗೆ, ಕೈಗೆ ಸಿಗುತ್ತದೆ.

ನೀರು ಹಾಕಿ ಮೋರಿಗೆ ತಳ್ಳಿದರೆ?

ಮನೆ ಮುಂದಿನ ಮೋರಿ ಇರುವುದು ಮಳೆನೀರಿಗೆ. ಅದು ರಾಜಕಾಲುವೆಗೆ ಸೇರುತ್ತದೆ, ರಾಜಕಾಲುವೆ ಕೆರೆಗೆ. ನಡುವೆ ಶುದ್ಧೀಕರಣ ಇಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ನೋಡಿದ ಊರಿನವರು ನಾವು. ಮೋರಿ ಬೇರೆ, ಒಳಚರಂಡಿ ಬೇರೆ ಅನ್ನುವುದನ್ನು ಮನೆಕೆಲಸದವರಿಗೂ ತಿಳಿಸಿ ಹೇಳಿ. ಅಂಗಳ ತೊಳೆಯುವಾಗ ತಳ್ಳಿಬಿಡುವುದು ತುಂಬಾ ಸಾಮಾನ್ಯ.

ಬೀದಿ ನಾಯಿಗಳದ್ದನ್ನು ಯಾರೂ ಎತ್ತುವುದಿಲ್ಲ. ನಾನು ಮಾತ್ರ ಯಾಕೆ ಎತ್ತಬೇಕು?

ಬೀದಿ ನಾಯಿಗೆ ಹೊಣೆಗಾರರು ಅಂತ ಒಬ್ಬರಿಲ್ಲ. ನಿಮ್ಮ ನಾಯಿಗೆ ನೀವಿದ್ದೀರಿ. ಸಾಕಿದ ನಾಯಿ ರಸ್ತೆಯಲ್ಲಿ ಮಾಡಿದ್ದನ್ನು ಸಾಕಿದವರೇ ತೆಗೆಯಬೇಕು ಅನ್ನುವುದು ನಗರದ ಕಸದ ನಿಯಮಗಳಲ್ಲೂ ಇದೆ. ಇನ್ನೊಂದು ಮಾತು. ನಾಯಿ ಸಾಕಿದವರು ಎತ್ತದೆ ಹೋದಾಗ ಸಿಟ್ಟು ತಿರುಗುವುದು ಬೀದಿ ನಾಯಿಗಳ ಮೇಲೆ. ಬೈಗುಳ, ಕಲ್ಲು ಎರಡೂ ಅವಕ್ಕೇ ಬೀಳುತ್ತವೆ. ನಾಯಿಯನ್ನು ಪ್ರೀತಿಸುವವರು ಇದನ್ನೂ ಯೋಚಿಸಬೇಕು.

ಪಾರ್ಕಿನ ಡಬ್ಬ, ಬೇಕರಿ ಮುಂದಿನ ಡಬ್ಬ?

ಪಾರ್ಕಿನಲ್ಲಿ ನಾಯಿ ಮಲಕ್ಕೇ ಅಂತ ಡಬ್ಬ ಇಟ್ಟಿದ್ದರೆ ಹಾಕಿ. ಇಲ್ಲದಿದ್ದರೆ ವಾಪಸ್ ತನ್ನಿ. ಬೇಕರಿಯ ಡಬ್ಬ ಅಂಗಡಿಯವರ ಸ್ವಂತದ್ದು. ಅದರ ಪಕ್ಕದಲ್ಲೇ ಜನ ನಿಂತು ಟೀ ಕುಡಿಯುತ್ತಾರೆ, ಬನ್ ತಿನ್ನುತ್ತಾರೆ. ಅಲ್ಲಿ ಬೇಡ.

ಪಕ್ಕದವರನ್ನು ಕೇಳಿ ಹಾಕಬಹುದು ಅಂದಿರಿ. ಹೇಗೆ ಕೇಳುವುದು?

ಮುಖಾಮುಖಿ ಕೇಳಿ. ವಾಟ್ಸಾಪ್‌ನಲ್ಲಿ ಬೇಡ. ಅಲ್ಲಿ "ಇಲ್ಲ" ಅನ್ನಲು ಕೆಲವರಿಗೆ ಸಂಕೋಚ. ಕೇಳುವಾಗ ಕೆಂಪು ಡಬ್ಬ ಅಂತ ಬಿಡಿಸಿ ಹೇಳಿ:

"ಆಂಟಿ, ಮೊಣಕಾಲು ನೋವು, ಮೂರನೇ ಮಹಡಿ ಹತ್ತಿ ಇಳಿಯೋಕೆ ಕಷ್ಟ ಆಗ್ತಿದೆ. ನಮ್ಮ ನಾಯಿದು ಪೇಪರ್‌ನಲ್ಲಿ ಸುತ್ತಿ ಎರಡು ವಾರ ಮಾತ್ರ ನಿಮ್ಮ ಕೆಂಪು ಡಬ್ಬಕ್ಕೆ ಹಾಕಲಾ? ಬೇಡ ಅಂದ್ರೆ ಖಂಡಿತ ಬೇಜಾರಿಲ್ಲ."

ಇಷ್ಟು ದಿನ ಅಂತ ಹೇಳಿದರೆ ಅವರಿಗೂ ಒಪ್ಪುವುದು ಸುಲಭ. ಅವರು ಹಿಂದುಮುಂದು ನೋಡಿದರೆ ಅದೇ ಉತ್ತರ, ಮತ್ತೆ ಕೇಳಬೇಡಿ. ಒಪ್ಪಿದರೆ ವಾರಕ್ಕೊಮ್ಮೆ ಡಬ್ಬ ನೀವೇ ತೊಳೆದುಕೊಡಿ.

ನನ್ನ ಡಬ್ಬಕ್ಕೆ ಯಾರೋ ದಿನಾ ಹಾಕಿ ಹೋಗುತ್ತಾರೆ. ಏನು ಮಾಡಲಿ?

ಮೊದಲು ಡಬ್ಬ ಹೊರಗೆ ಇಡುವ ಹೊತ್ತು ಬದಲಾಯಿಸಿ. ರಾತ್ರಿಯೇ ಇಡುವ ಬದಲು ಆಟೋ ಸದ್ದು ಕೇಳಿದ ಮೇಲೆ ತನ್ನಿ. ಮುಚ್ಚಳವಿರುವ ಡಬ್ಬ ಇಟ್ಟು, "ಹಸಿ ಕಸ ಮಾತ್ರ. ದಯವಿಟ್ಟು ನಾಯಿ ಕಸ ಹಾಕಬೇಡಿ" ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿ. ಹಾಕುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಯೋಚಿಸಿರುವುದಿಲ್ಲ ಅಷ್ಟೇ.

ಯಾರು ಅಂತ ಗೊತ್ತಾದರೆ ಅವರು ಒಬ್ಬರೇ ಇದ್ದಾಗ ಮಾತಾಡಿ. ನಾಯಿಯಿಂದಲೇ ಮಾತು ಶುರುಮಾಡಿದರೆ ಒಳ್ಳೆಯದು:

"ಸಾರ್, ಚೆನ್ನಾಗಿ ಸಾಕಿದ್ದೀರಾ. ಒಂದು ವಿಷಯ ಹೇಳಲಾ? ನಮ್ಮ ಹಸಿ ಕಸದ ಡಬ್ಬದಲ್ಲಿ ನಾಯಿದು ಕವರ್ ಸಿಕ್ತು. ಆಟೋದವರು ಕಸ ತಗೊಳ್ಳಲ್ಲ ಅಂದ್ರು. ಪಾಪ, ಕಸ ಎತ್ತೋ ಆ ಅಮ್ಮ ಕೈಯಲ್ಲೇ ತೆಗೀಬೇಕಾಯ್ತು."

ಆ ಕೊನೆಯ ಮಾತು ಕೇಳಿದ ಮೇಲೆ ವಾದ ಮಾಡುವವರು ಕಡಿಮೆ. ಸಿಸಿಟಿವಿ ಚಿತ್ರ ತೆಗೆದು ಬಡಾವಣೆಯ ಗ್ರೂಪಿಗೆ ಹಾಕಬೇಡಿ. ಒಂದು ಪೊಟ್ಟಣದ ಜಗಳ ವರ್ಷಗಟ್ಟಲೆ ಮುಖ ನೋಡದ ಹಗೆಯಾಗುತ್ತದೆ. ಚೀಲವನ್ನು ವಾಪಸ್ ಅವರ ಗೇಟಿಗೆ ಎಸೆಯುವುದೂ ಬೇಡ. ಎರಡು ಮೂರು ಸಲ ಹೇಳಿದರೂ ನಿಲ್ಲದಿದ್ದರೆ ನಿವಾಸಿಗಳ ಸಂಘಕ್ಕೆ, ಆಮೇಲೆ ಕಸದ ನಿಯಮ ನೋಡಿಕೊಳ್ಳುವ ವಾರ್ಡಿನ ಮಾರ್ಷಲ್‌ಗಳಿಗೆ ಹೇಳಿ.

ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವುದು ಮನೆಕೆಲಸದ ಹುಡುಗ. ಅವನು ಎತ್ತುತ್ತಾನೋ ಇಲ್ಲವೋ ಗೊತ್ತಿಲ್ಲ.

ಹೊಣೆ ನಿಮ್ಮದೇ. ಪೇಪರ್, ಗ್ಲೌಸ್, ಡಬ್ಬಿ ಕೊಟ್ಟು ಕಳಿಸಿ. ಬಂದ ಮೇಲೆ ಕೈ ತೊಳೆಯಲು ಸೋಪು ಕೊಡಿ. ಈ ಕೆಲಸಕ್ಕೆ ಸಂಬಳದಲ್ಲಿ ಬೇರೆ ಸೇರಿಸಿ. ವಾಕಿಂಗ್ ಮಾಡಿಸು ಅಂದದ್ದರಲ್ಲಿ ಇದೂ ಬಂತು ಅಂತ ಸುಮ್ನೆ ಅಂದುಕೊಳ್ಳುವುದು ನ್ಯಾಯವಲ್ಲ.

ಅಪಾರ್ಟ್‌ಮೆಂಟಿನಲ್ಲಿ ಸಂಘದವರು ದಂಡ ಹಾಕಬಹುದಾ?

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ. ಸ್ವಚ್ಛ ಮಾಡಿ ಅಂತ ನಿವಾಸಿಗಳನ್ನು ಕೇಳಿಕೊಳ್ಳಬಹುದು. ತಮ್ಮಷ್ಟಕ್ಕೆ ತಾವೇ ದಂಡ ಹಾಕುವುದನ್ನು ಅದು ಒಪ್ಪುವುದಿಲ್ಲ. ಹಾಗಂತ ಎತ್ತದೆ ಬಿಡಬಹುದು ಅಂತ ಅರ್ಥ ಮಾಡಿಕೊಳ್ಳಬೇಡಿ. ನೆಲಮಹಡಿಯಲ್ಲಿ ಮುಚ್ಚಳವಿರುವ ಒಂದು ಕೆಂಪು ಡಬ್ಬ, ಪಕ್ಕದಲ್ಲಿ ಹಳೇ ಪೇಪರ್ ಕಟ್ಟು, ಇಷ್ಟಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಖರ್ಚನ್ನು ನಾಯಿ ಇರುವ ಮನೆಗಳೇ ಹಂಚಿಕೊಳ್ಳಲಿ.

ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿರುವ ನಮ್ಮವರು ಏನು ಮಾಡಬೇಕು?

ಅಮೆರಿಕದ ಉಪನಗರಗಳಲ್ಲಿ ಚಕ್ರವಿರುವ ದೊಡ್ಡ ಡಬ್ಬ ವಾರಕ್ಕೊಮ್ಮೆ ರಸ್ತೆಗೆ ಬರುತ್ತದೆ. ಲಾರಿ ಬರುವ ಮುಂಚೆ ಹಾಕಿದರೆ ಕೆಲವರು ಏನೂ ಅನ್ನುವುದಿಲ್ಲ. ಖಾಲಿಯಾದ ಮೇಲೆ ಹಾಕಿದರೆ ಚೀಲ ತಳದಲ್ಲಿ ಒಂದು ವಾರ ಬಿಸಿಲಲ್ಲಿ ಬೇಯುತ್ತದೆ, ಕೆಲವೊಮ್ಮೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಡಬ್ಬ ಇರುವುದು ಅವರ ಗ್ಯಾರೇಜಿನಲ್ಲಿ. ಅಲ್ಲೂ ಕೇಳದೆ ಹಾಕಬೇಡಿ ಅನ್ನುವುದೇ ನನ್ನ ಮಾತು.

ನಿಯಮ ಊರಿಂದೂರಿಗೆ ಬೇರೆ. ಟೊರಾಂಟೊದಲ್ಲಿ ಸಾಕುಪ್ರಾಣಿಗಳ ಮಲ ಹಸಿರು ಡಬ್ಬಕ್ಕೇ ಹೋಗುತ್ತದೆ, ನಮ್ಮಲ್ಲಿಗೆ ಪೂರ್ತಿ ಉಲ್ಟಾ. ಇಂಗ್ಲೆಂಡಿನಲ್ಲಿ ಎಷ್ಟೋ ಕಡೆ ಚೀಲ ಕಟ್ಟಿದ್ದರೆ ರಸ್ತೆಬದಿಯ ಸಾರ್ವಜನಿಕ ಡಬ್ಬಕ್ಕೆ ಹಾಕಬಹುದು. ನ್ಯೂಯಾರ್ಕಿನಲ್ಲಿ ಎತ್ತಲೇಬೇಕು ಅನ್ನುವ ಕಾನೂನು 1978ರಲ್ಲೇ ಜಾರಿಗೆ ಬಂತು. ಹೋದ ಊರಿನ ಪಾಲಿಕೆ ಏನು ಹೇಳುತ್ತದೆ ಅಂತ ಮೊದಲ ವಾರವೇ ಓದಿಕೊಳ್ಳಿ.

ನಾಯಿ ಬೇರೆಯವರ ಗೇಟಿಗೆ, ರಂಗೋಲಿ ಮೇಲೆ ಮೂತ್ರ ಮಾಡಿದರೆ?

ಒಂದು ಬಾಟಲಿ ನೀರು ಜೊತೆಗಿರಲಿ, ಕೂಡಲೇ ಸುರಿಯಿರಿ. ರಂಗೋಲಿ ಹಾಕಿದ ಬಾಗಿಲ ಹತ್ತಿರ ಬೆಲ್ಟ್ ಗಿಡ್ಡ ಹಿಡಿದು ರಸ್ತೆಯ ಆಚೆ ಬದಿಗೆ ಹೋಗಿ.

ನನಗೆ ವಯಸ್ಸಾಗಿದೆ, ಬಗ್ಗಲು ಆಗುವುದಿಲ್ಲ.

ಉದ್ದ ಹಿಡಿಯ ಸ್ಕೂಪರ್ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಹಿಡಿ ಒತ್ತಿದರೆ ಬಾಯಿ ತೆರೆದು ಎತ್ತಿಕೊಳ್ಳುತ್ತದೆ. ನಿಂತೇ ಎತ್ತುವ ಉದ್ದ ಹಿಡಿಯ ಕಸದ ಮೊರವೂ ಆಗುತ್ತದೆ.

ಲೂಸ್ ಮೋಷನ್ ಆಗಿದೆ. ಎತ್ತಲು ಬರುವುದೇ ಇಲ್ಲ.

ಮೇಲೆ ಒಣ ಮಣ್ಣು ಅಥವಾ ಮರದ ಹೊಟ್ಟು ಉದುರಿಸಿ ಒಂದು ನಿಮಿಷ ಬಿಡಿ. ಗಟ್ಟಿಯಾದದ್ದನ್ನು ರಟ್ಟಿನ ತುಂಡಿನಿಂದ ಪೇಪರಿಗೆ ಎಳೆದುಕೊಳ್ಳಿ. ಸಿಮೆಂಟ್ ನೆಲವಾದರೆ ಉಳಿದ ಕಲೆಯನ್ನು ಒದ್ದೆ ಪೇಪರಿನಿಂದ ಉಜ್ಜಿ ತೆಗೆಯಿರಿ. ಭೇದಿ ಇರುವಷ್ಟು ದಿನ ಪಾರ್ಕಿಗೆ, ಬೇರೆ ನಾಯಿಗಳ ಹತ್ತಿರ ಕರೆದುಕೊಂಡು ಹೋಗಬೇಡಿ. ಮಲದಲ್ಲಿ ರಕ್ತ ಕಂಡರೆ, ವಾಂತಿಯೂ ಇದ್ದರೆ, ಅಥವಾ ಮರಿಯಾಗಿದ್ದರೆ ಕಾಯಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಸ್ವಲ್ಪ ಮಲವನ್ನು ಚಿಕ್ಕ ಡಬ್ಬಿಯಲ್ಲಿ ತೆಗೆದುಕೊಂಡು ಹೋದರೆ ಪರೀಕ್ಷೆಗೆ ಅನುಕೂಲ.